ಸೈನೈಡ್ ಮಲ್ಲಿಕಾಳ ಜೀವಾವಧಿ ಶಿಕ್ಷೆ ಎಷ್ಟು ವರ್ಷ?

ಪ್ರಶ್ನೆ: ತಂದೆ ತೀರಿಕೊಂಡ ಮೇಲೆ ನನ್ನ ತಾಯಿ ಅಮಾವಾಸ್ಯೆಗೆ ಒಬ್ಬರೇ ಎಡೆಯೂರಿಗೆ ಹೋಗಿ, ರಾತ್ರಿ ಉಳಿದು ಬರುತ್ತಾರೆ. ಸೈನೈಡ್ ಮಲ್ಲಿಕಾ ಅಲ್ಲಿಯೂ ಕೊಲೆ ಮಾಡಿದ್ದಳು ಎಂದು ನೆರೆಯವರು ಹೆದರಿಸುತ್ತಿದ್ದಾರೆ. ನಿಜವೇ? ಹದಿನಾಲ್ಕು ವರ್ಷ ಕಳೆದಿದೆ, ಆಕೆಯನ್ನು ಬಿಡಲೇಬೇಕಲ್ಲವೇ?
– ಓದುಗರೊಬ್ಬರು, ಗುಬ್ಬಿ

ಉತ್ತರ (ಹಿರಿಯ ಕ್ರಿಮಿನಲ್ ವಕೀಲರು, ತುಮಕೂರು): ನಿಜ. ಎಡೆಯೂರು ಮಾತ್ರವಲ್ಲ, ಸಿದ್ಧಗಂಗೆಗೆ ಬಂದಿದ್ದ ಹಿರಿಯ ಹೆಂಗಸೊಬ್ಬರೂ ಅವಳಿಗೆ ಬಲಿಯಾದರು. ಅವಳ ನಿಜವಾದ ಹೆಸರು ಕೆ.ಡಿ. ಕೆಂಪಮ್ಮ, ಊರು ಬೆಂಗಳೂರಿನ ಪಕ್ಕದ ಕಗ್ಗಲೀಪುರ. ಗಂಡ ದರ್ಜಿ. ಚೀಟಿ ವ್ಯವಹಾರ ಮುಳುಗಿ ಮನೆಯಿಂದ ಹೊರಬಿದ್ದವಳು ಮನೆಗೆಲಸ ಮಾಡಿದಳು, ಅಕ್ಕಸಾಲಿಗರ ಬಳಿಯೂ ದುಡಿದಳು. ಚಿನ್ನದ ಕೆಲಸಕ್ಕೆ ಬಳಸುವ ಸೈನೈಡಿನ ಪರಿಚಯವಾದದ್ದು ಅಲ್ಲಿಯೇ. ಮೊದಲ ಕೊಲೆ 1999ರಲ್ಲಿ, ಹೊಸಕೋಟೆಯ ಬಳಿ. ಆಮೇಲೆ 2007ರ ಕೊನೆಯ ತಿಂಗಳುಗಳಲ್ಲಿ ಒಂದರ ಹಿಂದೊಂದು. ಆ ಡಿಸೆಂಬರ್ 31ರಂದು ಸಿಕ್ಕಿಬಿದ್ದಳು.

ಅವಳು ಹೆಂಗಸರನ್ನು ಬಲೆಗೆ ಬೀಳಿಸಿದ್ದು ನಂಬಿಕೆಯಿಂದ. ನನ್ನನ್ನು ಇಂದಿಗೂ ಕಾಡುವುದು ಅದೇ. ದೇವಸ್ಥಾನದ ಜಗಲಿಯಲ್ಲಿ ಕಣ್ಣೊರೆಸಿಕೊಳ್ಳುತ್ತ ಕುಳಿತ ಹೆಂಗಸಿನ ಪಕ್ಕದಲ್ಲಿ ಕುಳಿತು ಕಷ್ಟ ಕೇಳುತ್ತಿದ್ದಳು. ಮಕ್ಕಳಾಗಿಲ್ಲ, ಉಬ್ಬಸ ಬಿಡುತ್ತಿಲ್ಲ, ಮಗ ಮನೆ ಬಿಟ್ಟು ಹೋದ. ಮನೆಯಲ್ಲಿ ಯಾರೂ ಕೇಳದ್ದನ್ನು ಅವಳು ಕೇಳಿದಳು. ದೂರದ ಕ್ಷೇತ್ರದಲ್ಲಿ ಪೂಜೆ ಮಾಡಿಸೋಣ, ಒಳ್ಳೆಯ ಸೀರೆ ಉಟ್ಟು ಒಡವೆಯನ್ನೆಲ್ಲ ಹಾಕಿಕೊಂಡು ಬನ್ನಿ ಎನ್ನುತ್ತಿದ್ದಳು. ಕೋಣೆಯಲ್ಲಿ ಪೂಜೆಯ ನೆಪ, ಕಣ್ಣು ಮುಚ್ಚಿಸಿ ತೀರ್ಥ. ಬಲಗೈ ಕೆಳಗೆ ಎಡಗೈ ಇಟ್ಟು ತೀರ್ಥಕ್ಕೆ ಅಂಗೈ ಒಡ್ಡುವಾಗ ಇದರಲ್ಲಿ ಏನಿದೆ ಎಂದು ನಮ್ಮಲ್ಲಿ ಯಾರಾದರೂ ಕೇಳಿದ್ದುಂಟೇ? ಸೈನೈಡ್ ಸೇರಿದರೆ ರಕ್ತದಲ್ಲಿ ಆಮ್ಲಜನಕ ಇದ್ದರೂ ಜೀವಕೋಶಗಳು ಅದನ್ನು ಬಳಸಲಾರವು, ನಿಮಿಷಗಳಲ್ಲಿ ಸಾವು. ಆ ಹೆಂಗಸರನ್ನು ದಡ್ಡರೆನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇನ್ನು ಶಿಕ್ಷೆಯ ಮಾತು. ನ್ಯಾಯಾಲಯ ವಿಧಿಸಿದ್ದ ಮರಣದಂಡನೆ ಬಳಿಕ ಜೀವಾವಧಿಗೆ ಇಳಿಯಿತು. 2017ರಲ್ಲಿ ಪರಪ್ಪನ ಅಗ್ರಹಾರದಿಂದ ಬೆಳಗಾವಿಯ ಹಿಂಡಲಗಾ ಜೈಲಿಗೆ ಕಳುಹಿಸಿದರು. ಜೀವಾವಧಿ ಎಂದರೆ ಹದಿನಾಲ್ಕು ವರ್ಷ ಎಂಬುದು ನಮ್ಮ ಜನರಲ್ಲಿ ಬೇರೂರಿರುವ ತಪ್ಪು. ಜೀವಾವಧಿ ಎಂದರೆ ಉಸಿರಿರುವವರೆಗೆ ಎಂದು ಸುಪ್ರೀಂ ಕೋರ್ಟ್ 1961ರಲ್ಲಿಯೇ, ಗೋಪಾಲ ಗೋಡ್ಸೆ ಪ್ರಕರಣದಲ್ಲಿ, ಹೇಳಿದೆ. ಕೊಲೆಯಂತಹ ಅಪರಾಧಕ್ಕೆ ಹದಿನಾಲ್ಕು ವರ್ಷ ಪೂರೈಸುವ ಮುನ್ನ ಸರ್ಕಾರ ಶಿಕ್ಷೆ ಮಾಫಿ ಮಾಡಿ ಬಿಡುವಂತಿಲ್ಲ ಎಂಬುದು ದಂಡ ಪ್ರಕ್ರಿಯಾ ಸಂಹಿತೆಯ 433ಎ ಕಲಮಿನ ನಿರ್ಬಂಧ. ಹೊಸ ಕಾನೂನಿನಲ್ಲಿ ಅದು 475ನೇ ಕಲಮು. ಹದಿನಾಲ್ಕು ತುಂಬಿದ ಮೇಲೆ ಕೈದಿ ಅರ್ಜಿ ಹಾಕಬಹುದು, ಅಷ್ಟೆ. ಒಪ್ಪುವುದು, ಬಿಡುವುದು ಸರ್ಕಾರದ ವಿವೇಚನೆ.

ತಾಯಿಯವರನ್ನು ತಡೆಯಬೇಡಿ. ಸಾಧ್ಯವಾದಾಗ ನೀವೂ ಜೊತೆಗೆ ಹೋಗಿ. ಮಾಂಗಲ್ಯದ ಸರ, ಬಳೆ ಮನೆಯಲ್ಲಿರಲಿ. ಕೋಣೆ ಹಿಡಿದ ಕೂಡಲೇ ಅದರ ಸಂಖ್ಯೆಯನ್ನು ಫೋನಿನಲ್ಲಿ ತಿಳಿಸಲಿ. ತೀರ್ಥವನ್ನು ಗರ್ಭಗುಡಿಯ ಮುಂದೆ ಅರ್ಚಕರ ಕೈಯಿಂದ ಮಾತ್ರ ತೆಗೆದುಕೊಳ್ಳಲಿ. ಮನೆಗೆ ಬಂದಾಗ, ಅಲ್ಲಿ ಯಾರು ಸಿಕ್ಕಿದ್ದರು, ಏನು ಮಾತಾಡಿದರು ಎಂದು ನೀವೇ ಕೂತು ಕೇಳಿ.