ಹಳೇ ಮದುವೆ ವಿಡಿಯೋನೆಲ್ಲಾ ಎವಿ1ಗೆ ಕನ್ವರ್ಟ್ ಮಾಡಿ ಎಚ್.264 ಫೈಲ್ ಡಿಲೀಟ್ ಮಾಡ್ಬೋದಾ? ಮುಂದೆ ಗೆಲ್ಲೋದು ಅದೇ ತಾನೇ?

ಡಿಲೀಟ್‌ಗೆ ಮಾತ್ರ ಕೈ ಹಾಕ್ಬೇಡಿ ಸಾರ್. ಎರಡೂ ವಿಡಿಯೋನ ಕುಗ್ಗಿಸಿ ಇಡೋ ಫಾರ್ಮ್ಯಾಟೇ, ಎಚ್.264 ಹಳೇದು, ಎವಿ1 ಹೊಸದು. ಮಂಡ್ಯದಲ್ಲಿ ನಂದೂ ಸ್ಟುಡಿಯೋನೇ. ಹಾರ್ಡ್ ಡಿಸ್ಕೆಲ್ಲಾ ತುಂಬೋಗಿತ್ತು, ಆಗ ಕಣ್ಣಿಗೆ ಬಿದ್ದಿದ್ದು ಈ ಎವಿ1. ಗೂಗಲ್, ನೆಟ್‌ಫ್ಲಿಕ್ಸ್, ಅಮೆಜಾನ್, ಮೊಜಿಲ್ಲಾ ಎಲ್ಲಾ 2015ರಲ್ಲಿ ಒಂದಾಗಿ 2018ರಲ್ಲಿ ಬಿಟ್ಟಿದ್ದು, ಅವ್ರು ರಾಯಲ್ಟಿ ಕೇಳಲ್ಲ, ಎಚ್‌ಇವಿಸಿ ಅನ್ನೋ ಇನ್ನೊಂದು ಫಾರ್ಮ್ಯಾಟ್ ತರ ಒಂದಕ್ಕಿಂತ ಹೆಚ್ಚು ಪೇಟೆಂಟ್ ಗುಂಪಿಗೆ ಕಾಸು ಕಟ್ಟೋ ರಗಳೆ ಇಲ್ಲ ಅಂತಾರೆ, ಸೈಜೂ ಎಚ್.264ರ ಹತ್ರ ಹತ್ರ ಅರ್ಧ. ಇನ್ನೇನ್ ಬೇಕು ಅಂತ ರಾತ್ರಿಯೆಲ್ಲಾ ಸಿಸ್ಟಮ್ ಫ್ಯಾನ್ ಬಡ್ಕೊಳ್ತಾ ಇದ್ರೂ ಬಿಡದೆ ಓಡಿಸ್ದೆ, ಒಂದೊಂದು ಮುಗಿದಂಗೂ ಒರಿಜಿನಲ್ ಅಳಿಸ್ತಾ ಹೋದೆ.

ಮದ್ದೂರು ಕಡೆ ಪಾರ್ಟಿ ಒಬ್ರು ಪೆನ್‌ಡ್ರೈವ್ ತಗೊಂಡೋಗಿ ಟಿವಿಗೆ ಹಾಕಿ ಫೋನ್ ಮಾಡಿದ್ರು, 'ಸೌಂಡ್ ಬತ್ತದೆ, ಚಿತ್ರನೇ ಬರಕಿಲ್ವಲ್ಲಣ್ಣ' ಅಂತ. ಹಳೇ ಟಿವಿ, ಎವಿ1 ಬಿಡಿಸೋ ಚಿಪ್ಪೇ ಅದ್ರಲ್ಲಿಲ್ಲ. ಸರಿ ವಾಪಸ್ ಎಚ್.264 ಮಾಡ್ಕೊಡೋಣ ಅಂತ ಕೂತೆ. ಇಲ್ಲೇ ನಾನು ಕೆಟ್ಟಿದ್ದು. ಸೈಜ್ ಕಮ್ಮಿ ಆಗೋದೇ ಕಣ್ಣಿಗೆ ಅಷ್ಟಾಗಿ ಕಾಣದ ಡೀಟೇಲ್ ಕಿತ್ತು ಬಿಸಾಕೋದ್ರಿಂದ, ನಾನೋ ಇನ್ನೂ ಉಳೀಲಿ ಅಂತ ಬಿಟ್‌ರೇಟ್, ಅಂದ್ರೆ ಸೆಕೆಂಡಿಗೆ ಇಡೋ ಡೇಟಾ, ತೀರಾ ಇಳಿಸಿದ್ದೆ, ಬಿಸಾಕಿದ್ದು ಮತ್ತೆ ಯಾವ ಕನ್ವರ್ಟರ್‌ನಿಂದಲೂ ಬರಲ್ಲ, ಎರಡನೇ ಸಲ ಕನ್ವರ್ಟ್ ಮಾಡಿದ್ರೆ ಇನ್ನೊಂದಷ್ಟು ಹೋಗುತ್ತೆ. ಧಾರೆ ಎರೆಯೋ ಶಾಟಲ್ಲಿ ಹುಡುಗಿ ಮೈಸೂರು ಸಿಲ್ಕಿನ ಜರಿ ಅಂಚು ಮಳೇಲಿ ನೆಂದ ರಂಗೋಲಿ ಥರ ಕಲೆಸ್ಕೊಂಡಿತ್ತು. ಒರಿಜಿನಲ್ ಎಲ್ಲಿ ಅಂದ್ರು. ಬಾಯಿ ಬರ್ಲಿಲ್ಲ, ದುಡ್ಡು ವಾಪಸ್ ಕೊಟ್ಟೆ.

ಯಾವ್ದು ಗೆಲ್ಲುತ್ತೆ ಅನ್ನೋ ಪ್ರಶ್ನೇನೇ ನಮಗೆ ಬೇಡ. ಸ್ಟ್ರೀಮಿಂಗಲ್ಲಿ ಎವಿ1 ಥರ ಓಪನ್ ಫಾರ್ಮ್ಯಾಟೇ ನಿಲ್ಲೋದು, ನಂಗೆ ಡೌಟಿಲ್ಲ, ಬ್ಯಾಂಡ್‌ವಿಡ್ತ್ ಬಿಲ್ ಕಟ್ಟೋರೇ ಕೂತು ಮಾಡಿರೋದಲ್ವಾ. ಆದ್ರೆ ಐಫೋನಿಗೇ ಎವಿ1 ಚಿಪ್ ಬಂದಿದ್ದು 2023ರ 15 ಪ್ರೋದಲ್ಲಿ. ಯೂಟ್ಯೂಬ್ ಕೂಡ ಎಚ್.264, ಗೂಗಲ್‌ದೇ ಆದ ವಿಪಿ9, ಎವಿ1 ಅಂತ ಕಾಪಿ ಇಟ್ಕೊಂಡು ನೋಡೋರ ಫೋನ್ ಯಾವ್ದೋ ಅದಕ್ಕೆ ತಕ್ಕಂಗೆ ಕಳ್ಸುತ್ತೆ, ಅದಕ್ಕೆ ಅಲ್ಲಿಗೆ ಎಡಿಟ್ ಆದ ದೊಡ್ಡ ಫೈಲನ್ನೇ ಹಾಕಿ, ಮಿಕ್ಕಿದ್ದು ಅವ್ರು ನೋಡ್ಕೊಳ್ತಾರೆ. ಪೆನ್‌ಡ್ರೈವ್‌ಗೆ ಕಣ್ಮುಚ್ಕೊಂಡು ಎಚ್.264 ಕೊಡಿ. ಎವಿ1 ನಿಮ್ಮ ವೆಬ್‌ಸೈಟಿಗೆ ಬೇಕಾದ್ರೆ ಇನ್ನೊಂದು ಕಾಪಿ ಅಂತ ಇರ್ಲಿ.

ಜಾಗ ಸಾಲಲ್ಲ ಅಂದ್ರೆ ಹೊಸ ಡಿಸ್ಕ್ ತಗೊಳ್ಳಿ, ಅದರ ದುಡ್ಡನ್ನ ಆಲ್ಬಮ್ ರೇಟಲ್ಲೇ ಸೇರಿಸ್ಬಿಡಿ, ಮದುವೆ ಮನೇಲಿ ಯಾರೂ ಕೇಳಲ್ಲ.