ಪ್ರತಿಕ್ರಿಯೆ: ಲೆವೆಲ್ ತಗ್ಗಿಸಿದರೂ ಧ್ವನಿ ಒಡೆಯುವುದು ಯಾಕೆ?

ಮಿಕ್ಸರಿನ ಲೈನ್ ಔಟ್‌ಪುಟ್ಟನ್ನು ರೆಕಾರ್ಡರಿನ ಮೈಕ್ ಇನ್‌ಪುಟ್ಟಿಗೆ ಕೊಟ್ಟಿದ್ದೀರಿ, ಲೆವೆಲ್ ಎಷ್ಟು ತಗ್ಗಿಸಿದರೂ ಧ್ವನಿ ಒಡೆಯುತ್ತಿದೆ ಅಂದಿರಿ ಅಲ್ವಾ? ಅನೇಕ ರೆಕಾರ್ಡರುಗಳಲ್ಲಿ ಲೆವೆಲ್ ನಾಬ್ ಇರುವುದು ಪ್ರೀಆಂಪ್ (ಮೈಕಿನ ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡುವ ಭಾಗ) ಆದ ಮೇಲೆ. ಜೋರಾದ ಲೈನ್ ಸಿಗ್ನಲ್ ಅದಕ್ಕೆ ತಡೆಯದೆ, ಅಷ್ಟರಲ್ಲಿ ಸಿಗ್ನಲ್ ಅಲೆಯ ತಲೆ ಕತ್ತರಿಸಿ ಹೋಗಿರುತ್ತದೆ. ಆಮೇಲೆ ತಗ್ಗಿಸಿದರೆ ಒಡೆದ ಧ್ವನಿಯೇ ಸಣ್ಣಗೆ ಕೇಳುತ್ತದೆ, ಅಷ್ಟೆ. ಮೀಟರ್ ಕೆಂಪಿಗೆ ಹೋಗದಿದ್ದರೂ ಹೀಗಾಗಬಹುದು.

ಪ್ರೊಫೆಷನಲ್ ಲೈನ್ ಲೆವೆಲ್ (ಮಿಕ್ಸರಿನಂಥ ಸಾಧನ ಹೊರಗೆ ಕೊಡುವ ಸಿಗ್ನಲ್ಲಿನ ಮಟ್ಟ) ಅಂದರೆ ಸುಮಾರು 1.23 ವೋಲ್ಟ್. ಮೈಕಿನಿಂದ ಬರುವುದು ಸಾಮಾನ್ಯವಾಗಿ ಕೆಲವೇ ಮಿಲಿವೋಲ್ಟ್. ಹಾಗಾಗಿ ನಡುವೆ 40 ಡಿಬಿ (ಡೆಸಿಬೆಲ್) ಇನ್‌ಲೈನ್ ಅಟೆನ್ಯುಯೇಟರ್ (ಕೇಬಲ್ಲಿಗೆ ಸಿಕ್ಕಿಸಿ ಸಿಗ್ನಲ್ ತಗ್ಗಿಸುವ ಸಾಧನ) ಹಾಕಿ, ವೋಲ್ಟೇಜ್ ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ. 20 ಡಿಬಿಯದು ಹತ್ತರಲ್ಲೊಂದಕ್ಕೆ ಮಾತ್ರ ಇಳಿಸುತ್ತದೆ, ನಿಮಗೆ ಸಾಲದು ಅನಿಸುತ್ತದೆ. ಅಟೆನ್ಯುಯೇಟರನ್ನು ಕೇಬಲ್ಲಿನ ರೆಕಾರ್ಡರ್ ತುದಿಗೇ ಸಿಕ್ಕಿಸಿ. ಆಗ ದಾರಿಯಲ್ಲಿ ಸೇರಿಕೊಂಡ ಗುಂಯ್ ಸದ್ದೂ ತಗ್ಗುತ್ತದೆ. ಫ್ಯಾಂಟಮ್ ಪವರ್ (ರೆಕಾರ್ಡರ್ ಕೇಬಲ್ಲಿನ ಮೂಲಕವೇ ಮೈಕಿಗೆ ಕಳಿಸುವ ವಿದ್ಯುತ್) ಮೊದಲೇ ಆಫ್ ಮಾಡಿ, ಮರೆಯಬೇಡಿ.