ಹುಟ್ಟಲಿರುವ ಮಗುವಿಗೆ ಬಿಸಿಜಿ: ಸ್ವಲ್ಪ ತಡೆಯಿರಿ

ದೊಡ್ಡ ಮಗನಿಗೆ ಸಿಜಿಡಿ (ಕ್ರಾನಿಕ್ ಗ್ರಾನ್ಯುಲೊಮ್ಯಾಟಸ್ ಡಿಸೀಸ್, ವಂಶದಲ್ಲಿ ಬರುವ ರೋಗನಿರೋಧಕ ಶಕ್ತಿಯ ತೊಂದರೆ) ಇದೆ, ಹುಟ್ಟಲಿರುವ ಮಗುವಿಗೆ ಬಿಸಿಜಿ (ಕ್ಷಯರೋಗದ ಲಸಿಕೆ) ಹಾಕಿಸಬಹುದಾ, ದೊಡ್ಡವನ ಫಂಗಸ್ ಔಷಧಿ ಬಿಡಬಹುದಾ ಅಂತ ಕೇಳಿದ್ದೀರಿ.

ಪರೀಕ್ಷೆ ಆಗುವವರೆಗೆ ಬಿಸಿಜಿ ಬೇಡ ಮೇಡಂ. ಅದು ಜೀವಂತ ಲಸಿಕೆ, ಅಂದರೆ ಅದರಲ್ಲಿ ದುರ್ಬಲಗೊಳಿಸಿದ ಜೀವಂತ ರೋಗಾಣು ಇರುತ್ತದೆ. ಸಿಜಿಡಿಯಲ್ಲಿ ಬಿಳಿ ರಕ್ತಕಣ ರೋಗಾಣುವನ್ನು ನುಂಗುತ್ತದೆ, ಆದರೆ ಸರಿಯಾಗಿ ಕೊಲ್ಲಲಾರದು. ಹಾಗಾಗಿ ಲಸಿಕೆಯ ರೋಗಾಣುವಿನಿಂದಲೇ ಕಂಕುಳಲ್ಲಿ ಗಂಟು ಕಟ್ಟಿ ಕೀವಾಗಬಹುದು, ಮೈಗೆಲ್ಲ ಹರಡಲೂಬಹುದು. ನಮ್ಮಲ್ಲಿ ಹುಟ್ಟಿದ ಕೂಡಲೇ ಹಾಕಿಬಿಡುತ್ತಾರೆ, ಅಲ್ವಾ? ಅದಕ್ಕೇ ಹೆರಿಗೆಗೆ ಮೊದಲೇ ಫೈಲ್ ಮೇಲೆ ದೊಡ್ಡದಾಗಿ ಬರೆಸಿಡಿ. ಮಗುವಿಗೆ ಸಿಜಿಡಿ ಇದೆಯೇ ಎಂದು ತಿಳಿಸುವ ಡಿಎಚ್‌ಆರ್ ರಕ್ತಪರೀಕ್ಷೆ ಮಾಡಿಸಿ, ಆಮೇಲೆ ಡಾಕ್ಟರ್ ಹೇಳಿದಂತೆ.

ದೊಡ್ಡವನ ಫಂಗಸ್ ಔಷಧಿ ಇಟ್ರಾಕೊನಜೋಲ್ ಮಾತ್ರ ಸುಮ್ನೆ ನಿಲ್ಲಿಸಬೇಡಿ. 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 39 ಸಿಜಿಡಿ ರೋಗಿಗಳಿದ್ದರು. ಔಷಧಿ ತೆಗೆದುಕೊಳ್ಳುವಾಗ ಗಂಭೀರ ಫಂಗಸ್ ಸೋಂಕು ಬಂದದ್ದು ಒಬ್ಬರಿಗೆ, ಹುಸಿ ಮಾತ್ರೆಯ (ಔಷಧಿಯೇ ಇಲ್ಲದ್ದು) ಅವಧಿಯಲ್ಲಿ 7 ಜನರಿಗೆ.